ಇಂದಾಪುರದ ರಾಜಹಂಸಗಳು ಮತ್ತು ವಿಡಿಯೊ ಬಣ್ಣದ ಲೆಕ್ಕಾಚಾರ: ಕಾಂಪೊಸಿಟಿಂಗ್‌ನಿಂದ ಎಕ್ಸ್‌ಪೋರ್ಟ್‌ವರೆಗೆ ಬಣ್ಣ ಕೆಡದಂತೆ ಕಾಯ್ದುಕೊಳ್ಳುವ ಬಗೆ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು 140 ಕಿಲೋಮೀಟರ್ ಸಾಗಿದರೆ ಇಂದಾಪುರ ಸಿಗುತ್ತದೆ. ಈ ತಾಲೂಕಿನ ಉತ್ತರದ ಅಂಚಿನುದ್ದಕ್ಕೂ ಉಜನಿ ಜಲಾಶಯದ ಹಿನ್ನೀರು ಹರಡಿಕೊಂಡಿದೆ. ಭೀಮಾ ನದಿಗೆ ಕಟ್ಟಲಾದ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡಿತು. ಇದೇ ಭೀಮೆ ಮುಂದೆ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳನ್ನು ಹಾದು, ಗಾಣಗಾಪುರವನ್ನು ಮುಟ್ಟಿ, ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತಾಳೆ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂದಾಪುರ ಊರಿಗೆ ಹೋಗುವ ದಾರಿಯೂ ಹೌದು, ಊರಿನ ನದಿಯ ಮೇಲ್ದಂಡೆಯೂ ಹೌದು.

ಚಳಿಗಾಲದಲ್ಲಿ ಭಿಗವಣ ಮತ್ತು ಕುಂಭಾರಗಾಂವ್‌ಗಳ ಹಿನ್ನೀರಿಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೋ ಹಕ್ಕಿಗಳು, ಬಂದಿಳಿಯುತ್ತವೆ. ಅವುಗಳ ರೆಕ್ಕೆಯ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ತಿನ್ನುವ ಪಾಚಿ ಮತ್ತು ಸಿಗಡಿಯಂತಹ ಸಣ್ಣ ಜೀವಿಗಳಲ್ಲಿರುವ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯದಿಂದ ಅದು ಕ್ರಮೇಣ ಮೂಡುತ್ತದೆ. ಹಕ್ಕಿ ವರ್ಷಗಟ್ಟಲೆ ತಿಂದು ಸಂಪಾದಿಸಿದ ಈ ಬಣ್ಣವನ್ನು ನಾವು ಕಂಪ್ಯೂಟರಿನಲ್ಲಿ ಒಂದೇ ರಾತ್ರಿಯಲ್ಲಿ ಕಳೆದುಬಿಟ್ಟೆವು. ಅದು ಹೇಗೆ ಕಳೆಯಿತು, ಹೇಗೆ ಮರಳಿ ದೊರೆಯಿತು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಸಂಘ ಸಂಸ್ಥೆಗಳ ಕಾರ್ಯಕ್ರಮಗಳನ್ನು ಚಿತ್ರಿಸಿ ಸಂಕಲಿಸುವ ನಮ್ಮ ಓದುಗರಿಗೆ ಇದು ಕೈಪಿಡಿಯಾಗಿ ಉಪಯೋಗವಾದೀತೆಂದು ನಂಬಿದ್ದೇವೆ.

ನಡೆದುದೇನು?

ರಾಜ್ಯೋತ್ಸವದಲ್ಲಿ ತೋರಿಸಲೆಂದು ಭೀಮಾ ತೀರವನ್ನು ಕುರಿತ ಕಿರುಚಿತ್ರವೊಂದನ್ನು ನಮ್ಮ ಬಳಗ ಸಿದ್ಧಪಡಿಸುತ್ತಿತ್ತು. ಅದರಲ್ಲಿ ಮೂರು ಬಗೆಯ ದೃಶ್ಯಗಳಿದ್ದವು. ಮೊದಲನೆಯದು, ಕುಂಭಾರಗಾಂವ್‌ನಲ್ಲಿ ಮುಂಜಾನೆ ದೋಣಿಯಿಂದ ಹಿಡಿದ ರಾಜಹಂಸಗಳ ಚಿತ್ರಣ. ಎರಡನೆಯದು, ನೀರು ಇಳಿದಾಗ ಮಾತ್ರ ತಲೆಯೆತ್ತುವ ಪಳಸದೇವದ ಹಳೆಯ ಶಿಲಾ ದೇವಾಲಯದ ದೃಶ್ಯ. ಇದರ ಮೇಲೆ ನದಿಯ ನಕ್ಷೆಯನ್ನೂ ಕನ್ನಡ ಶೀರ್ಷಿಕೆಗಳನ್ನೂ ಕಾಂಪೊಸಿಟಿಂಗ್ ತಂತ್ರಾಂಶದಲ್ಲಿ ಜೋಡಿಸಬೇಕಿತ್ತು. ಮೂರನೆಯದು, ಇಂದಾಪುರದಲ್ಲಿ ತಂಗುವ ಸಂತ ತುಕಾರಾಮ ಮಹಾರಾಜರ ಪಾಲಖಿಯ ಹಳೆಯ ಚಿತ್ರಣ. ನಮ್ಮ ಹಿರಿಯ ಸದಸ್ಯರೊಬ್ಬರು ಅದನ್ನು ಮಿನಿಡಿವಿ ಟೇಪಿನಲ್ಲಿ ಹಿಡಿದಿದ್ದರು. ಅವರು ಈಗ ನಮ್ಮೊಡನಿಲ್ಲ. ಆ ಟೇಪಿನ ಹೊರತು ಆ ದಿನದ ದಾಖಲೆ ಬೇರೆಲ್ಲೂ ಇಲ್ಲ.

ಮೊದಲ ಪ್ರದರ್ಶನಕ್ಕೆ ಸೇರಿದವರೆಲ್ಲ ಒಂದೇ ದೋಷವನ್ನು ಗುರುತಿಸಿದರು. ನೇರವಾಗಿ ಸಂಕಲನಕ್ಕೆ ಬಂದ ರಾಜಹಂಸಗಳು ಗುಲಾಬಿಯಾಗಿದ್ದವು. ಅದೇ ಹಕ್ಕಿಗಳು ನಕ್ಷೆ ಮತ್ತು ಅಕ್ಷರಗಳೊಡನೆ ಬಂದಾಗ ತೊಳೆದ ಬಟ್ಟೆಯಂತೆ ಪೇಲವವಾಗಿದ್ದವು. ಪಾಲಖಿಯ ಮುಂದಿನ ಕೇಸರಿ ಪತಾಕೆಗಳು ಹಳದಿಗೆ ತಿರುಗಿದ್ದವು. ಕಾಂಪೊಸಿಟಿಂಗ್ ಮಾಡಿದ ತರುಣ ಸದಸ್ಯನ ಮೇಲೆ ಎಲ್ಲರ ದೃಷ್ಟಿ ಬಿತ್ತು. ಬಣ್ಣವನ್ನು ತಾನು ಮುಟ್ಟಿಯೇ ಇಲ್ಲವೆಂದು ಆತ ಹೇಳಿದ್ದನ್ನು ನಾವು ಒಂದು ವಾರದ ತನಕ ನಂಬಲಿಲ್ಲ. ಆತ ಹೇಳಿದ್ದು ನಿಜವಾಗಿತ್ತು. ಬಣ್ಣವನ್ನು ಯಾರೂ ಮುಟ್ಟಿರಲಿಲ್ಲ; ಮುಟ್ಟಬೇಕಾದ ಕಡೆಯಲ್ಲಿಯೂ ಮುಟ್ಟದೆ ಬಿಟ್ಟದ್ದೇ ದೋಷವಾಗಿತ್ತು.

ಸಂಖ್ಯೆಯೇ ಬಣ್ಣವಲ್ಲ

ವಿಡಿಯೊ ಕಡತದಲ್ಲಿ ಬಣ್ಣ ಇರುವುದಿಲ್ಲ, ಸಂಖ್ಯೆಗಳಿರುತ್ತವೆ. ಕೆಂಪು 240, ಹಸಿರು 150, ನೀಲಿ 140 ಎಂದು ಬರೆದರೆ ಅದು ರಾಜಹಂಸದ ರೆಕ್ಕೆಯ ಗುಲಾಬಿಗೆ ಹತ್ತಿರವಾದ ಬಣ್ಣ. ಆದರೆ ಯಾವ ಕೆಂಪಿನ 240, ಆ 240ಕ್ಕೆ ಎಷ್ಟು ಬೆಳಕು ಎಂಬುದು ಆ ಸಂಖ್ಯೆಗಳಲ್ಲಿಲ್ಲ. ಸೇರು ಎಂದರೆ ಎಷ್ಟು ಎಂಬುದು ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಗಿದ್ದ ಕಾಲವನ್ನು ಹಿರಿಯರು ಬಲ್ಲರು. ಅಳತೆಯ ಹೆಸರಿನೊಡನೆ ಊರಿನ ಹೆಸರನ್ನೂ ಹೇಳಬೇಕಿತ್ತು. ವಿಡಿಯೊ ಸಂಖ್ಯೆಗಳ ವಿಷಯವೂ ಹಾಗೆಯೇ. ಅವುಗಳೊಡನೆ ಕೆಳಗಿನ ನಾಲ್ಕು ಮಾಹಿತಿಗಳು ಇರಲೇಬೇಕು.

1. ಮೂಲವರ್ಣಗಳು. ಕೆಂಪು, ಹಸಿರು, ನೀಲಿಗಳು ನಿಖರವಾಗಿ ಯಾವುವು ಎಂಬ ವಿವರಣೆ. ಎಚ್‌ಡಿ ದೂರದರ್ಶನಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1990ರಲ್ಲಿ ಒಪ್ಪಿದ ಬಿಟಿ.709 ಶಿಫಾರಸು ಇಂದಿಗೂ ಸಾಮಾನ್ಯ ವಿಡಿಯೊದ ಆಧಾರ. ಕಂಪ್ಯೂಟರ್ ಪರದೆಗಳ ಎಸ್‌ಆರ್‌ಜಿಬಿ ಮಾನಕದ ಮೂಲವರ್ಣಗಳೂ ಇವೇ. ಅಲ್ಟ್ರಾ ಎಚ್‌ಡಿಗಾಗಿ 2012ರಲ್ಲಿ ಬಂದ ಬಿಟಿ.2020ರ ಮೂಲವರ್ಣಗಳು ಇದಕ್ಕಿಂತ ಬಹಳ ವಿಶಾಲ.

2. ಬೆಳಕಿನ ವಕ್ರರೇಖೆ, ಅಂದರೆ ಗ್ಯಾಮಾ. ಸಂಖ್ಯೆ ಇಮ್ಮಡಿಯಾದರೆ ಬೆಳಕು ಇಮ್ಮಡಿಯಾಗುವುದಿಲ್ಲ. ಎಸ್‌ಆರ್‌ಜಿಬಿ ಸುಮಾರು 2.2ರ ಗ್ಯಾಮಾವನ್ನು ಹೋಲುತ್ತದೆ. ಕತ್ತಲ ಕೋಣೆಯ ಸ್ಟುಡಿಯೊ ಮಾನಿಟರುಗಳಿಗೆ 2011ರ ಬಿಟಿ.1886 ಶಿಫಾರಸು 2.4ನ್ನು ಹೇಳುತ್ತದೆ.

3. ಮ್ಯಾಟ್ರಿಕ್ಸ್. ಹೆಚ್ಚಿನ ವಿಡಿಯೊ ಕಡತಗಳು ಕೆಂಪು, ಹಸಿರು, ನೀಲಿಗಳನ್ನು ನೇರವಾಗಿ ಇಡದೆ, ಒಂದು ಬೆಳಕಿನ ಸಂಖ್ಯೆ ಮತ್ತು ಎರಡು ಬಣ್ಣ ವ್ಯತ್ಯಾಸದ ಸಂಖ್ಯೆಗಳಾಗಿ ಇಡುತ್ತವೆ. ಬೆಳಕಿನ ಸಂಖ್ಯೆಯಲ್ಲಿ ಮೂರೂ ಬಣ್ಣಗಳ ಪಾಲು ಹಳೆಯ ಬಿಟಿ.601ರಲ್ಲಿ 0.299, 0.587, 0.114, ಬಿಟಿ.709ರಲ್ಲಿ 0.2126, 0.7152, 0.0722. ಒಂದು ಸೂತ್ರದಿಂದ ಕಟ್ಟಿದ ಗಂಟನ್ನು ಇನ್ನೊಂದರಿಂದ ಬಿಚ್ಚಿದರೆ ಬಣ್ಣ ವಾಲುತ್ತದೆ.

4. ವ್ಯಾಪ್ತಿ. ಕಂಪ್ಯೂಟರ್ ಚಿತ್ರಗಳಲ್ಲಿ ಕಪ್ಪು 0, ಬಿಳಿ 255. ವಿಡಿಯೊದಲ್ಲಿ ರೂಢಿಯಂತೆ ಕಪ್ಪು 16, ಬಿಳಿ 235. ಹತ್ತು ಬಿಟ್‌ನಲ್ಲಿ 64 ಮತ್ತು 940. ಮೊದಲನೆಯದಕ್ಕೆ ಪೂರ್ಣ ವ್ಯಾಪ್ತಿ, ಎರಡನೆಯದಕ್ಕೆ ಸೀಮಿತ ವ್ಯಾಪ್ತಿ ಅಥವಾ ವಿಡಿಯೊ ಲೆವೆಲ್ ಎನ್ನುತ್ತಾರೆ.

ಈ ನಾಲ್ಕನ್ನೂ ಕಡತದ ತಲೆಯಲ್ಲಿ ಟ್ಯಾಗ್‌ಗಳಾಗಿ ಬರೆಯಬಹುದು. 1-1-1 ಎಂದು ಸಂಕಲನಕಾರರು ಹೇಳುವ ಗುರುತು ಮೂಲವರ್ಣ, ವಕ್ರರೇಖೆ, ಮ್ಯಾಟ್ರಿಕ್ಸ್ ಮೂರೂ ಬಿಟಿ.709 ಎಂಬುದರ ಸಂಕೇತ. 2 ಎಂದಿದ್ದರೆ ನಮೂದಿಸಿಲ್ಲ ಎಂದರ್ಥ. ಟ್ಯಾಗ್ ಇಲ್ಲದಿದ್ದಾಗ ಪ್ರತಿಯೊಂದು ತಂತ್ರಾಂಶವೂ ತನಗೆ ತೋಚಿದಂತೆ ಊಹಿಸುತ್ತದೆ. ಬಣ್ಣ ಕೆಡುವುದು ಬಹುಮಟ್ಟಿಗೆ ಈ ಊಹೆಗಳ ನಡುವಿನ ಅಂತರದಲ್ಲಿ.

ಲಕ್ಷಣ ನೋಡಿ ಕಾರಣ ಹುಡುಕುವುದು

ವೈದ್ಯರು ನಾಡಿ ಹಿಡಿದು ರೋಗ ಹೇಳುವಂತೆ, ಚಿತ್ರ ಯಾವ ಬಗೆಯಲ್ಲಿ ಕೆಟ್ಟಿದೆ ಎಂಬುದರಿಂದ ಕಾರಣವನ್ನು ಊಹಿಸಲು ಸಾಧ್ಯ.

ಅ) ಕಪ್ಪು ಬೂದಾಗಿದೆ, ಬಿಳಿ ಮಂಕಾಗಿದೆ, ಎಲ್ಲ ಬಣ್ಣವೂ ಪೇಲವ. ಇದು ವ್ಯಾಪ್ತಿಯ ದೋಷ. ಸೀಮಿತ ವ್ಯಾಪ್ತಿಯ ಕಡತವನ್ನು ಪೂರ್ಣ ವ್ಯಾಪ್ತಿಯದೆಂದು ಓದಲಾಗಿದೆ. ನಮ್ಮ ರಾಜಹಂಸಗಳಿಗೆ ಆದದ್ದು ಇದೇ. ಕ್ಯಾಮೆರಾ ಕಪ್ಪನ್ನು 16 ಎಂದು ಬರೆದಿತ್ತು. ಕಾಂಪೊಸಿಟಿಂಗ್ ತಂತ್ರಾಂಶ ಅದನ್ನು 0ಗೆ ಇಳಿಸದೆ 16 ಎಂದೇ ತೆಗೆದುಕೊಂಡಿತು. ಹೊರಗೆ ಕಳುಹಿಸುವಾಗ ಮತ್ತೊಮ್ಮೆ ಕುಗ್ಗಿಸಿತು. ಹೀಗೆ 240, 150, 140 ಇದ್ದ ಗುಲಾಬಿ ಸುಮಾರು 224, 144, 136 ಆಯಿತು. ದೋಣಿಯ ಕರಿ ನೆರಳು ಬೂದಿಯಾಯಿತು. ಮಂಜು ಮುಸುಕಿದ ಮುಂಜಾನೆಯ ದೃಶ್ಯವಾದ್ದರಿಂದ ಅದೂ ಮಂಜೇ ಇರಬೇಕೆಂದು ನಾವು ಮೊದಲು ಭ್ರಮಿಸಿದ್ದೂ ಉಂಟು.

ಆ) ನೆರಳುಗಳು ಮುಳುಗಿ ಹೋಗಿವೆ, ಬಿಳಿ ಸುಟ್ಟಂತಿದೆ. ಇದು ಅದರ ವಿರುದ್ಧ ದೋಷ. ಪೂರ್ಣ ವ್ಯಾಪ್ತಿಯ ಕಡತವನ್ನು ಸೀಮಿತವೆಂದು ಓದಿ ಹಿಗ್ಗಿಸಲಾಗಿದೆ. 16ಕ್ಕಿಂತ ಕೆಳಗಿನದೆಲ್ಲ ಕಪ್ಪು, 235ಕ್ಕಿಂತ ಮೇಲಿನದೆಲ್ಲ ಬಿಳಿ. ಎಂಟು ಬಿಟ್ ಕಡತವಾಗಿ ಒಮ್ಮೆ ಬರೆದುಬಿಟ್ಟರೆ ಕಳೆದ ವಿವರ ಹಿಂತಿರುಗದು.

ಇ) ಕಪ್ಪು, ಬಿಳಿ ಸರಿಯಾಗಿವೆ, ಆದರೆ ಕೆಂಪು, ಕೇಸರಿ, ಹಸಿರುಗಳು ವಾಲಿವೆ. ಇದು ಮ್ಯಾಟ್ರಿಕ್ಸ್‌ನ ದೋಷ. ಬೂದು ಬಣ್ಣಗಳಲ್ಲಿ ಇದು ಕಾಣುವುದೇ ಇಲ್ಲ. ನಮ್ಮ ಪಾಲಖಿಯ ಟೇಪು 720x576 ಅಳತೆಯದು, 601ರ ಸೂತ್ರದ್ದು. ಅದನ್ನು ಎಚ್‌ಡಿ ಅಳತೆಗೆ ಹಿಗ್ಗಿಸಿದೆವು. ಸೂತ್ರವನ್ನು ಮಾತ್ರ ಬದಲಿಸಲಿಲ್ಲ, ಟ್ಯಾಗನ್ನೂ ಬರೆಯಲಿಲ್ಲ. ಚಿತ್ರದ ಅಳತೆ ದೊಡ್ಡದಿರುವುದನ್ನು ಕಂಡ ಸಂಕಲನ ತಂತ್ರಾಂಶ 709 ಎಂದು ಊಹಿಸಿತು. 255, 130, 30 ಇರಬೇಕಾದ ಪತಾಕೆಯ ಕೇಸರಿ 255, 136, 24 ಆಗಿ ಹಳದಿಯ ಕಡೆ ಸರಿಯಿತು. ಕೆಂಪಿನ ಲೆಕ್ಕ 255ನ್ನು ಮೀರಿದ್ದರಿಂದ ಅಲ್ಲಿಯೇ ಕತ್ತರಿಸಿಕೊಂಡು, ಪತಾಕೆಯ ಮಡಿಕೆಗಳು ಚಪ್ಪಟೆಯಾದವು. ವಿರುದ್ಧ ದಿಕ್ಕಿನ ತಪ್ಪಾಗಿದ್ದರೆ ರಾಜಹಂಸದ 240, 150, 140ರ ಗುಲಾಬಿ 232, 141, 141 ಆಗಿ, ಅದರಲ್ಲಿನ ಕಿತ್ತಳೆಯ ಛಾಯೆ ಅಳಿದುಹೋಗುತ್ತಿತ್ತು.

ಈ) ಶುದ್ಧ ಕಪ್ಪು, ಶುದ್ಧ ಬಿಳಿ ಸರಿ, ನಡುವಿನ ಛಾಯೆಗಳು ಮಾತ್ರ ತೆಳುವಾಗಿವೆ ಅಥವಾ ಗಾಢವಾಗಿವೆ. ಇದು ಗ್ಯಾಮಾದ ದೋಷ. ಆಪಲ್ ಕಂಪ್ಯೂಟರುಗಳಲ್ಲಿ 1-1-1 ಟ್ಯಾಗ್ ಇರುವ ಕಡತವನ್ನು ಕ್ವಿಕ್‌ಟೈಮ್ ಪ್ಲೇಯರ್ ಸುಮಾರು 1.96ರ ಗ್ಯಾಮಾದಂತೆ ಓದಿ ತೋರಿಸುತ್ತದೆ. ಅದೇ ಚಿತ್ರವನ್ನು ಸ್ಟುಡಿಯೊ ಮಾನಿಟರಿನಲ್ಲಿ 2.4ರಂತೆ ನೋಡಿ ಬಣ್ಣ ತಿದ್ದಿದ್ದರೆ ಅಂತರ ಎದ್ದು ಕಾಣುತ್ತದೆ. 64 ಎಂಬ ಗಾಢ ಬೂದು 2.4ರಲ್ಲಿ ಪೂರ್ಣ ಬೆಳಕಿನ ಶೇಕಡಾ 3.6ರಷ್ಟು, 1.96ರಲ್ಲಿ ಶೇಕಡಾ 6.7. ನೆರಳಿನ ಬೆಳಕು ಹೆಚ್ಚುಕಡಿಮೆ ಇಮ್ಮಡಿ.

ಉ) ಒಂದೆರಡು ತುಣುಕುಗಳು ಮಾತ್ರ ಕಣ್ಣು ಕುಕ್ಕುವಂತೆ ಅಥವಾ ಸುಣ್ಣ ಬಳಿದಂತೆ ಇವೆ. ಅವು ಮೊಬೈಲಿನಲ್ಲಿ ಹಿಡಿದ ಎಚ್‌ಡಿಆರ್ ತುಣುಕುಗಳೇ ಎಂದು ಪರೀಕ್ಷಿಸಬೇಕು. 2020ರ ಐಫೋನ್ 12ರಿಂದೀಚೆಗೆ ಇಂತಹ ಚಿತ್ರಣ ಸಾಮಾನ್ಯವಾಗಿದೆ. ಅವುಗಳ ಮೂಲವರ್ಣ ಮತ್ತು ವಕ್ರರೇಖೆ ಎರಡೂ ಬೇರೆ. ಟ್ಯಾಗ್ ಬದಲಿಸಿದರೆ ಸಾಲದು. 709ಕ್ಕೆ ಸರಿಯಾಗಿ ಪರಿವರ್ತಿಸಿಯೇ ಜೋಡಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟ್ಯಾಗ್ ಬದಲಿಸುವುದು ಬೇರೆ, ಪರಿವರ್ತಿಸುವುದು ಬೇರೆ. ಟ್ಯಾಗ್ ತಪ್ಪಾಗಿದ್ದು ಸಂಖ್ಯೆಗಳು ಸರಿಯಿದ್ದರೆ ಟ್ಯಾಗನ್ನು ಮಾತ್ರ ತಿದ್ದಬೇಕು. ಸಂಖ್ಯೆಗಳೇ ಬೇರೆ ಮಾನಕದವಾಗಿದ್ದರೆ ಪರಿವರ್ತಿಸಬೇಕು. ಕಾರಣ ತಿಳಿಯದೆ ಬಣ್ಣ ತಿದ್ದುವ ಉಪಕರಣಗಳಿಂದ ಕಣ್ಣಳತೆಯಲ್ಲಿ ಸರಿಪಡಿಸಹೊರಟರೆ ಒಂದು ದೋಷದ ಮೇಲೆ ಇನ್ನೊಂದು ದೋಷ ಕೂರುತ್ತದೆ. ನಾವೂ ಮೊದಲ ಎರಡು ದಿನ ಹಾಗೆಯೇ ಮಾಡಿ, ರಾಜಹಂಸ ಸರಿಯಾದಾಗ ನೀರು ನೇರಳೆಯಾದುದನ್ನು ಕಂಡು ಕೈಬಿಟ್ಟೆವು.

ಕಾಂಪೊಸಿಟಿಂಗ್ ತಂತ್ರಾಂಶದ ಒಳಗೆ

ಸಂಕಲನ ತಂತ್ರಾಂಶ ದೃಶ್ಯಗಳನ್ನು ಒಂದರ ಹಿಂದೆ ಒಂದು ಇಡುತ್ತದೆ. ಕಾಂಪೊಸಿಟಿಂಗ್ ತಂತ್ರಾಂಶ ಒಂದರ ಮೇಲೆ ಒಂದು ಇಟ್ಟು ಬೆರೆಸುತ್ತದೆ. ಬೆರೆಸುವುದೆಂದರೆ ಗಣಿತ. ಗ್ಯಾಮಾದಲ್ಲಿ ಬರೆದ ಸಂಖ್ಯೆಗಳನ್ನು ಹಾಗೆಯೇ ಕೂಡಿ ಭಾಗಿಸಿದರೆ ನಿಜವಾದ ಬೆಳಕಿನ ಬೆರಕೆ ದೊರೆಯುವುದಿಲ್ಲ. ಕಪ್ಪು 0 ಮತ್ತು ಬಿಳಿ 255ರ ಸರಾಸರಿಯನ್ನು ಸಂಖ್ಯೆಯಲ್ಲಿ ತೆಗೆದರೆ 128. ಆದರೆ ಕಪ್ಪು ಬಿಳಿಗಳ ಬೆಳಕನ್ನು ಅರ್ಧರ್ಧ ಬೆರೆಸಿ ಎಸ್‌ಆರ್‌ಜಿಬಿಯಲ್ಲಿ ಬರೆದರೆ 188 ಬರುತ್ತದೆ. ಆದುದರಿಂದ ವೃತ್ತಿಪರ ಕಾಂಪೊಸಿಟಿಂಗ್ ತಂತ್ರಾಂಶಗಳು ಚಿತ್ರವನ್ನು ಮೊದಲು ಗ್ಯಾಮಾ ಕಳೆದು ಲೀನಿಯರ್ ರೂಪಕ್ಕೆ ತಂದು, ಕೆಲಸ ಮುಗಿದ ಮೇಲೆ ಮತ್ತೆ ಗ್ಯಾಮಾ ಸೇರಿಸಿ ಹೊರಗೆ ಕಳುಹಿಸುತ್ತವೆ. ಒಳಗೆ ಬರುವಾಗ ಬಳಸಿದ ವಕ್ರರೇಖೆಯನ್ನೇ ಹೊರಗೆ ಹೋಗುವಾಗಲೂ ಬಳಸಿದರೆ ಮುಟ್ಟದ ಭಾಗಗಳ ಬಣ್ಣ ಬದಲಾಗದು. ಒಳಗೆ 709, ಹೊರಗೆ ಎಸ್‌ಆರ್‌ಜಿಬಿ ಎಂದಾದರೆ ನಡುಛಾಯೆಗಳು ಸರಿಯುತ್ತವೆ.

ಮುಖ್ಯವಾದ ತಂತ್ರಾಂಶಗಳಲ್ಲಿ ನೋಡಬೇಕಾದ ಸ್ಥಳಗಳು ಹೀಗಿವೆ.

ಆಫ್ಟರ್ ಎಫೆಕ್ಟ್ಸ್: ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಕಲರ್ ವಿಭಾಗದಲ್ಲಿ ವರ್ಕಿಂಗ್ ಸ್ಪೇಸ್ ಎಂಬುದನ್ನು ನನ್ ಎಂದು ಬಿಟ್ಟರೆ ಬಣ್ಣ ನಿರ್ವಹಣೆ ನಡೆಯುವುದಿಲ್ಲ. ಸಾಮಾನ್ಯ ವಿಡಿಯೊ ಕೆಲಸಕ್ಕೆ ಅಲ್ಲಿ ರೆಕ್.709 ಆರಿಸಬೇಕು. ಪ್ರತಿಯೊಂದು ತುಣುಕಿಗೂ ಇಂಟರ್‌ಪ್ರೆಟ್ ಫುಟೇಜ್‌ನಲ್ಲಿ ಅದರ ಬಣ್ಣದ ಮಾನಕವನ್ನು ಪರಿಶೀಲಿಸಬೇಕು. ಹೊರಗೆ ಕಳುಹಿಸುವಾಗ ಔಟ್‌ಪುಟ್ ಮಾಡ್ಯೂಲ್‌ನ ಕಲರ್ ಪುಟವನ್ನೂ ನೋಡಬೇಕು. ಬೆರಕೆ ಹೆಚ್ಚಿದ್ದರೆ 8 ಬಿಟ್ ಬಿಟ್ಟು 16 ಅಥವಾ 32 ಬಿಟ್‌ನಲ್ಲಿ ಕೆಲಸ ಮಾಡುವುದು ಲೇಸು.

ನ್ಯೂಕ್: ಇದು ಒಳಗೆ ಸದಾ ಲೀನಿಯರ್‌ನಲ್ಲಿಯೇ ಕೆಲಸ ಮಾಡುತ್ತದೆ. ರೀಡ್ ನೋಡ್‌ನಲ್ಲಿ ತುಣುಕಿನ ಮಾನಕ, ರೈಟ್ ನೋಡ್‌ನಲ್ಲಿ ಕಡತದ ಮಾನಕ ಆರಿಸಬೇಕು. ವ್ಯೂವರ್‌ನ ಆಯ್ಕೆ ನಮ್ಮ ಕಣ್ಣಿಗೆ ಮಾತ್ರ. ಕಡತಕ್ಕೆ ಅದರ ಪರಿಣಾಮವಿಲ್ಲ. ವ್ಯೂವರ್ ಎಸ್‌ಆರ್‌ಜಿಬಿಯಲ್ಲಿದ್ದು ರೈಟ್ ನೋಡ್ 709ರಲ್ಲಿದ್ದಾಗ, ನೋಡಿದ್ದು ಒಂದು, ಬಂದದ್ದು ಇನ್ನೊಂದು ಎಂಬ ದೂರು ಹುಟ್ಟುತ್ತದೆ.

ಡಾವಿಂಚಿ ರಿಸಾಲ್ವ್ ಮತ್ತು ಅದರೊಳಗಿನ ಫ್ಯೂಷನ್: ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಡೇಟಾ ಲೆವೆಲ್ಸ್ ಎಂಬಲ್ಲಿ ಆಟೊ, ವಿಡಿಯೊ, ಫುಲ್ ಎಂಬ ಮೂರು ಆಯ್ಕೆಗಳಿವೆ. ಆಟೊ ತಪ್ಪಾಗಿ ಊಹಿಸಿದ ತುಣುಕಿಗೆ ಇಲ್ಲಿಯೇ ಚಿಕಿತ್ಸೆ. ಡೆಲಿವರ್ ಪುಟದ ಸುಧಾರಿತ ಆಯ್ಕೆಗಳಲ್ಲಿ ವ್ಯಾಪ್ತಿಯನ್ನೂ ಟ್ಯಾಗ್‌ಗಳನ್ನೂ ಸ್ಪಷ್ಟವಾಗಿ ನಮೂದಿಸಬಹುದು.

ಬ್ಲೆಂಡರ್: ಈ ಉಚಿತ ತಂತ್ರಾಂಶದಲ್ಲಿ ವ್ಯೂ ಟ್ರಾನ್ಸ್‌ಫಾರ್ಮ್ ಎಂಬ ಆಯ್ಕೆ 2023ರ 4.0 ಆವೃತ್ತಿಯಿಂದ ತಾನಾಗಿ ಎಜಿಎಕ್ಸ್‌ನಲ್ಲಿರುತ್ತದೆ. ಮೂರು ಆಯಾಮದ ದೃಶ್ಯಗಳಿಗೆ ಅದು ಸೊಗಸು. ಕ್ಯಾಮೆರಾದಿಂದ ಬಂದ ವಿಡಿಯೊ ಮೇಲೆ ಶೀರ್ಷಿಕೆ ಜೋಡಿಸುವುದಷ್ಟೇ ಕೆಲಸವಾಗಿದ್ದರೆ ಅದನ್ನು ಸ್ಟ್ಯಾಂಡರ್ಡ್ ಎಂದು ಬದಲಿಸಬೇಕು. ಇಲ್ಲವಾದರೆ ಆಗಲೇ ಸಿದ್ಧವಾಗಿರುವ ಚಿತ್ರಕ್ಕೆ ಇನ್ನೊಂದು ಸಂಸ್ಕಾರವಾಗಿ ಬಣ್ಣ ಮಂಕಾಗುತ್ತದೆ.

ಹಲವು ತಂತ್ರಾಂಶಗಳ ನಡುವೆ ಕೆಲಸ ಹಂಚಿಕೊಂಡವರಿಗೆ ಓಪನ್ ಕಲರ್ ಐಒ ಎಂಬ ಸಾಮಾನ್ಯ ಭಾಷೆಯಿದೆ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ಸಂಸ್ಥೆ ಅದನ್ನು 2010ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿತು. ಎಲ್ಲರೂ ಒಂದೇ ಸಂರಚನಾ ಕಡತವನ್ನು ಬಳಸಿದರೆ ಎಲ್ಲ ತಂತ್ರಾಂಶಗಳೂ ಒಂದೇ ಸೂತ್ರದಂತೆ ಬಣ್ಣವನ್ನು ಅರ್ಥೈಸುತ್ತವೆ. ಆಸ್ಕರ್ ನೀಡುವ ಅಕಾಡೆಮಿಯ ಏಸಸ್ ಪದ್ಧತಿಯೂ ಹೆಚ್ಚಾಗಿ ಇದರ ಮೂಲಕವೇ ಬಳಕೆಯಾಗುತ್ತದೆ. ಸಂಘದ ಕಿರುಚಿತ್ರಕ್ಕೆ ಏಸಸ್ ಅನಿವಾರ್ಯವಲ್ಲ; ಆರಂಭದಿಂದ ಅಂತ್ಯದವರೆಗೆ ಒಂದೇ 709ನ್ನು ನಿಷ್ಠೆಯಿಂದ ಪಾಲಿಸಿದರೆ ಸಾಕು.

ಅಕ್ಷರಗಳ ವಿಷಯ

ಕನ್ನಡ ಶೀರ್ಷಿಕೆಗಳಿಗೆ ಎರಡು ತೊಡಕುಗಳಿವೆ. ಮೊದಲನೆಯದು ಆಲ್ಫಾ, ಅಂದರೆ ಪಾರದರ್ಶಕತೆಯ ಮಾಹಿತಿ. ಇದು ಸ್ಟ್ರೇಟ್ ಮತ್ತು ಪ್ರೀಮಲ್ಟಿಪ್ಲೈಡ್ ಎಂಬ ಎರಡು ರೂಪಗಳಲ್ಲಿ ಬರುತ್ತದೆ. ಒಂದನ್ನು ಇನ್ನೊಂದೆಂದು ಓದಿದರೆ ಅಕ್ಷರಗಳ ಸುತ್ತ ಕಪ್ಪು ಅಥವಾ ಬಿಳಿ ಅಂಚು ಮೂಡುತ್ತದೆ. ಇದನ್ನು ಬಣ್ಣದ ದೋಷವೆಂದು ತಿಳಿದು ಹುಡುಕಾಡುವುದು ವ್ಯರ್ಥ. ಎರಡನೆಯದು ಬಣ್ಣದ ಸೂಕ್ಷ್ಮತೆ. ಎಚ್.264ರ ಸಾಮಾನ್ಯ ಕಡತಗಳಲ್ಲಿ 4:2:0 ಎಂಬ ವ್ಯವಸ್ಥೆಯಿದ್ದು, ನಾಲ್ಕು ಬಿಂದುಗಳಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಇರುತ್ತದೆ. ಅರಿಶಿನ ಹಿನ್ನೆಲೆಯ ಮೇಲೆ ಕುಂಕುಮದ ಅಕ್ಷರಗಳನ್ನು ಬರೆಯುವುದು ನಮಗೆಲ್ಲ ಪ್ರಿಯ. ಆದರೆ ಒತ್ತಕ್ಷರಗಳ ಸಣ್ಣ ಸುರುಳಿಗಳು ಈ ವ್ಯವಸ್ಥೆಯಲ್ಲಿ ಕಲಸಿಹೋಗುತ್ತವೆ. ಅಕ್ಷರವನ್ನು ದೊಡ್ಡದಾಗಿ ಬರೆಯುವುದು, ಅಕ್ಷರ ಮತ್ತು ಹಿನ್ನೆಲೆಗಳ ಬೆಳಕಿನಲ್ಲಿ ಸಾಕಷ್ಟು ಅಂತರವಿಡುವುದು, ಅಕ್ಷರದ ಸುತ್ತ ಸಣ್ಣ ಗಾಢ ಅಂಚು ಕೊಡುವುದು ಪರಿಹಾರ.

ನಡುವಿನ ಕಡತ ಮತ್ತು ಕೊನೆಯ ಕಡತ

ಕಾಂಪೊಸಿಟಿಂಗ್‌ನಿಂದ ಸಂಕಲನಕ್ಕೆ ಹೋಗುವ ಕಡತವನ್ನು ಎಚ್.264ರಲ್ಲಿ ಮಾಡುವುದು ಬಹಳ ಮಂದಿಯ ಅಭ್ಯಾಸ. ಕೈಗೆ ಬಂದ ಕಡತ ಚಿಕ್ಕದೆಂಬುದೊಂದೇ ಅದರ ಅನುಕೂಲ. ನಡುವಿನ ಕಡತಕ್ಕೆ ಪ್ರೋರೆಸ್ ಅಥವಾ ಡಿಎನ್‌ಎಕ್ಸ್ ಬಳಸಬೇಕು. ಇವುಗಳ ಹತ್ತು ಬಿಟ್ ಅಥವಾ ಹೆಚ್ಚಿನ ರೂಪಗಳಲ್ಲಿ ಛಾಯೆಗಳ ನಡುವೆ ಪಟ್ಟೆಗಳು ಮೂಡುವುದು ಕಡಿಮೆ. ಮುಂಜಾನೆಯ ಆಕಾಶ, ಮಂಜು ಕವಿದ ನೀರು ಇವುಗಳಲ್ಲಿ ಎಂಟು ಬಿಟ್‌ನ ಪಟ್ಟೆಗಳು ಬೇಗ ಕಾಣಿಸುತ್ತವೆ. ದೊಡ್ಡ ಕೆಲಸವಾದರೆ ಒಂದೊಂದು ಚೌಕಟ್ಟನ್ನೂ ಬಿಡಿ ಚಿತ್ರವಾಗಿ ಓಪನ್ ಇಎಕ್ಸ್‌ಆರ್‌ನಲ್ಲಿ ಉಳಿಸುವ ಕ್ರಮವೂ ಇದೆ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ 2003ರಲ್ಲಿ ಮುಕ್ತಗೊಳಿಸಿದ ಈ ರೂಪದಲ್ಲಿ ಸಂಖ್ಯೆಗಳು ರೂಢಿಯಂತೆ ಲೀನಿಯರ್ ಆಗಿರುತ್ತವೆ. 16, 235ರ ಗೊಂದಲವೇ ಇಲ್ಲ.

ಜಾಲತಾಣಕ್ಕೆ ಕಳುಹಿಸುವ ಕೊನೆಯ ಕಡತಕ್ಕೆ ಎಚ್.264, ಸೀಮಿತ ವ್ಯಾಪ್ತಿ, 709ರ ಮೂರೂ ಟ್ಯಾಗ್‌ಗಳು, ಇದು ಸುರಕ್ಷಿತ ಮಾರ್ಗ. ಯೂಟ್ಯೂಬ್ ಕೂಡ ಸಾಮಾನ್ಯ ವಿಡಿಯೊಗಳಿಗೆ 709ನ್ನೇ ಶಿಫಾರಸು ಮಾಡುತ್ತದೆ. ಕಡತದ ಟ್ಯಾಗ್‌ಗಳನ್ನು ಓದಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಕಡತ ಯಾರ ಕೈಗೆ ಹೋಗುವ ಮುನ್ನವೂ ಅದರಲ್ಲಿ ತೆರೆದು ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕು.

ಆಪಲ್ ಪರದೆಯಲ್ಲಿ ಚಿತ್ರ ತೆಳುವಾಗಿ ಕಾಣುವ ದೂರಿಗೆ ಎಲ್ಲರನ್ನೂ ತೃಪ್ತಿಪಡಿಸುವ ಪರಿಹಾರವಿಲ್ಲ. ರಿಸಾಲ್ವ್‌ನಲ್ಲಿ ರೆಕ್.709-ಎ ಎಂಬ ಆಯ್ಕೆ ಇದೆ. ಅದನ್ನು ಬಳಸಿದರೆ ಅದೇ ಆಪಲ್ ಕಂಪ್ಯೂಟರಿನಲ್ಲಿ ಸಂಕಲನದ ವ್ಯೂವರ್ ಮತ್ತು ಕ್ವಿಕ್‌ಟೈಮ್ ಹೊಂದಿಕೊಳ್ಳುತ್ತವೆ. ಬೇರೆ ಯಂತ್ರಗಳಲ್ಲಿ ಚಿತ್ರ ಹಾಗೆಯೇ ಕಾಣುತ್ತದೆಂಬ ಭರವಸೆ ಇಲ್ಲ. ಯಾವ ಪರದೆಯಲ್ಲಿ ಜನ ನೋಡುತ್ತಾರೋ ಆ ಪರದೆಯನ್ನು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕಂತೆ ಬಣ್ಣ ತಿದ್ದುವುದೇ ವಿವೇಕ. ಪರದೆಯನ್ನು ಕಲರಿಮೀಟರ್‌ನಿಂದ ಅಳೆದು ಹೊಂದಿಸಿಕೊಳ್ಳುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಬಿಳಿ ಡಿ65 ಆಗಿರಲಿ. ಕತ್ತಲ ಕೋಣೆಯಲ್ಲಿ ಬೆಳಕು ಸುಮಾರು 100 ನಿಟ್ ಇರಲಿ. ತಪ್ಪು ಗಡಿಯಾರ ನೋಡಿ ಸಮಯ ತಿದ್ದಿಕೊಂಡರೆ ರೈಲು ತಪ್ಪುವುದು ಖಚಿತ.

ಪರೀಕ್ಷಿಸುವ ಕ್ರಮ

ನಮ್ಮ ಬಳಗ ಈಗ ಪ್ರತಿಯೊಂದು ಕೆಲಸದ ಆರಂಭದಲ್ಲಿಯೂ ಅನುಸರಿಸುವ ಕ್ರಮ ಇದು. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ.

1. ಐದು ಸೆಕೆಂಡಿನ ಪರೀಕ್ಷಾ ತುಣುಕು ತಯಾರಿಸಿಕೊಳ್ಳಿ. ಅದರಲ್ಲಿ ಕಲರ್ ಬಾರ್‌ಗಳು, ಕಪ್ಪಿನಿಂದ ಬಿಳಿಯವರೆಗಿನ ಬೂದು ಏಣಿ, ಮತ್ತು ನಿಮ್ಮ ಚಿತ್ರದ ಮುಖ್ಯ ಬಣ್ಣದ ಒಂದು ಚೌಕ ಇರಲಿ. ನಮ್ಮದರಲ್ಲಿ ರಾಜಹಂಸದ ಗುಲಾಬಿಯೂ ಪತಾಕೆಯ ಕೇಸರಿಯೂ ಇವೆ.

2. ಅದನ್ನು ಕಾಂಪೊಸಿಟಿಂಗ್ ತಂತ್ರಾಂಶಕ್ಕೆ ತಂದು, ಏನನ್ನೂ ಮಾಡದೆ ಹಾಗೆಯೇ ಹೊರಗೆ ಕಳುಹಿಸಿ.

3. ಸಂಕಲನ ತಂತ್ರಾಂಶದಲ್ಲಿ ಮೂಲದ ಮೇಲೆ ಅದನ್ನಿಟ್ಟು ಡಿಫರೆನ್ಸ್ ಎಂಬ ಬೆರಕೆಯ ಕ್ರಮ ಆರಿಸಿ. ಪರದೆ ಸಂಪೂರ್ಣ ಕಪ್ಪಾದರೆ ಎರಡೂ ಒಂದೇ. ಸಂಪೀಡನದಿಂದ ಅಂಚುಗಳಲ್ಲಿ ತುಸು ಗದ್ದಲ ಉಳಿಯುವುದು ಸಹಜ. ಬಣ್ಣದ ಚೌಕಗಳೇ ಹೊಳೆದರೆ ದೋಷವಿದೆ.

4. ದೋಷವಿದ್ದರೆ ವೇವ್‌ಫಾರ್ಮ್ ತೆರೆಯಿರಿ. ಕಪ್ಪು ಮೇಲೆದ್ದಿದ್ದರೆ ವ್ಯಾಪ್ತಿಯನ್ನೂ, ಏಣಿಯ ನಡು ಬಾಗಿದ್ದರೆ ಗ್ಯಾಮಾವನ್ನೂ ಶಂಕಿಸಿ. ಏಣಿ ಸರಿಯಿದ್ದು ವೆಕ್ಟರ್‌ಸ್ಕೋಪಿನಲ್ಲಿ ಬಾರ್‌ಗಳು ತಮ್ಮ ಚೌಕಗಳಿಂದ ಸರಿದಿದ್ದರೆ ಮ್ಯಾಟ್ರಿಕ್ಸನ್ನು ಶಂಕಿಸಿ.

5. ಒಂದು ಬಾರಿಗೆ ಒಂದೇ ಆಯ್ಕೆಯನ್ನು ಬದಲಿಸಿ, ಮತ್ತೆ ಪರೀಕ್ಷಿಸಿ. ಫಲಿತಾಂಶ ಸರಿಬಂದ ಆಯ್ಕೆಗಳನ್ನು ಬರೆದಿಟ್ಟು ಎಲ್ಲರಿಗೂ ಹಂಚಿ.

6. ಕೊನೆಯ ಕಡತವನ್ನು ಕನಿಷ್ಠ ಮೂರು ಕಡೆ ನೋಡಿ: ಸಂಕಲನದ ಕಂಪ್ಯೂಟರ್, ಒಂದು ಮೊಬೈಲ್, ಪ್ರದರ್ಶನ ನಡೆಯುವ ಸಭಾಂಗಣದ ಪ್ರೊಜೆಕ್ಟರ್. ಸಭಾಂಗಣದಲ್ಲಿ ಎಚ್‌ಡಿಎಂಐ ಮೂಲಕ ಹೋಗುವಾಗಲೂ ಕಂಪ್ಯೂಟರ್ ಪೂರ್ಣ ವ್ಯಾಪ್ತಿ ಕಳುಹಿಸಿ ಪ್ರೊಜೆಕ್ಟರ್ ಸೀಮಿತವೆಂದು ತಿಳಿಯುವುದುಂಟು. ಅಲ್ಲಿ ಕಡತದ ತಪ್ಪೇನೂ ಇರುವುದಿಲ್ಲ.

ಹಳೆಯ ವಿದ್ಯೆ, ಹೊಸ ಉಪಕರಣ

ಬಣ್ಣದ ಹೊಂದಾಣಿಕೆ ಹೊಸ ಚಿಂತೆಯೇನಲ್ಲ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 1964ರ ಅಮರಶಿಲ್ಪಿ ಜಕಣಾಚಾರಿ. ಫಿಲ್ಮಿನ ಆ ಕಾಲದಲ್ಲಿ ಪ್ರಿಂಟ್ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣವನ್ನು ದೃಶ್ಯದಿಂದ ದೃಶ್ಯಕ್ಕೆ ಹೊಂದಿಸುವ ಗ್ರೇಡರ್‌ಗಳು ಲ್ಯಾಬೊರೇಟರಿಗಳಲ್ಲಿದ್ದರು. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಕಪ್ಪು ಬಿಳುಪಿನ ಛಾಯೆಗಳಲ್ಲಿಯೇ ಇಷ್ಟೆಲ್ಲ ಹೇಳಬಹುದೆಂದು ತೋರಿಸಿಕೊಟ್ಟರು. ಕಪ್ಪು ಬಿಳುಪಿನ ಸತ್ಯ ಹರಿಶ್ಚಂದ್ರ 2008ರಲ್ಲಿಯೂ ಕಸ್ತೂರಿ ನಿವಾಸ 2014ರಲ್ಲಿಯೂ ಕಂಪ್ಯೂಟರ್ ನೆರವಿನಿಂದ ಬಣ್ಣ ತಳೆದು ಮತ್ತೆ ತೆರೆಗೆ ಬಂದವು. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇರುವುದು ನಮ್ಮ ಪುಣೆಯಲ್ಲಿಯೇ. ಹಳೆಯ ಚಿತ್ರಗಳ ಸಂರಕ್ಷಣೆಯಲ್ಲಿ ಮೂಲದ ಬಣ್ಣ ಏನಿತ್ತು ಎಂಬುದೇ ಮೊದಲ ಪ್ರಶ್ನೆ.

ಆ ಪ್ರಶ್ನೆ ನಮ್ಮ ಪಾಲಿಗೂ ಬಂದಿತು. ಟೇಪಿನಿಂದ ಮೂಲ ಪ್ರತಿಯನ್ನು ಮತ್ತೆ ತೆಗೆದು, 601ರಿಂದ 709ಕ್ಕೆ ಕ್ರಮಬದ್ಧವಾಗಿ ಪರಿವರ್ತಿಸಿ, ಟ್ಯಾಗ್ ಬರೆದೆವು. ಪತಾಕೆ ಕೇಸರಿಗೆ ಮರಳಿತು, ಮಡಿಕೆಗಳು ಕಂಡವು. ಆ ಟೇಪನ್ನು ಹಿಡಿದವರ ಪತ್ನಿ ಪರದೆಯ ಮುಂದೆ ಕುಳಿತು, ‘ಹೌದು, ಅವತ್ತು ಹೀಗೇ ಇತ್ತು’ ಎಂದರು. ವೆಕ್ಟರ್‌ಸ್ಕೋಪು ಹೇಳಿದ್ದೂ ಅದನ್ನೇ. ಹಿಗ್ಗಿಸಿದ ತಪ್ಪು ಪ್ರತಿಯನ್ನೇ ಉಳಿಸಿಕೊಂಡು ಟೇಪನ್ನು ಬಿಸಾಡಿದ್ದರೆ ಅಷ್ಟು ವಿವರ ಶಾಶ್ವತವಾಗಿ ಹೋಗುತ್ತಿತ್ತು. ಆದುದರಿಂದ ಮನೆಯಲ್ಲಿ ಮದುವೆ, ನಾಮಕರಣ, ನಾಟಕಗಳ ಹಳೆಯ ಟೇಪುಗಳಿರುವ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ಪರಿವರ್ತನೆಯಾದ ಮೇಲೆಯೂ ಮೂಲವನ್ನು ಉಳಿಸಿಕೊಳ್ಳಿ.

ರಾಜಹಂಸಗಳ ದೃಶ್ಯಕ್ಕೆ ಬೇಕಾದದ್ದು ಒಂದೇ ಒಂದು ಆಯ್ಕೆಯ ಬದಲಾವಣೆ. ಅದನ್ನು ಕಂಡುಹಿಡಿದವನು ನಾವು ದೂರಿದ ಆ ತರುಣ ಸದಸ್ಯನೇ. ಮೇಲಿನ ಪರೀಕ್ಷಾ ಕ್ರಮವೂ ಆತ ರೂಪಿಸಿದ್ದು. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಆತನ ಕ್ಷಮೆ ಕೇಳಿದ್ದೇವೆ, ಇಲ್ಲಿಯೂ ಕೇಳುತ್ತಿದ್ದೇವೆ. ಬಣ್ಣ ಕೆಟ್ಟಾಗ ಮನುಷ್ಯನನ್ನು ಶಂಕಿಸುವ ಮೊದಲು ಟ್ಯಾಗನ್ನು ನೋಡಬೇಕೆಂಬುದು ಇಂದಾಪುರದ ಹಿನ್ನೀರು ನಮಗೆ ಕಲಿಸಿದ ಪಾಠ. ಇಂತಹ ಅನುಭವಗಳಿರುವ ಓದುಗರು ಅವನ್ನು ಸಂಘದ ಕಾರ್ಯಾಲಯಕ್ಕೆ ಬರೆದು ತಿಳಿಸಿದರೆ ಇತರರಿಗೂ ಉಪಕಾರವಾಗುತ್ತದೆ.